ಬಿರುಕು ಬಿಟ್ಟ ಮನೆಗೆ ಆಧಾರಗಂಬ: ಎಲ್ಲಿ, ಎಷ್ಟು ಆಳಕ್ಕೆ?

ಚಾಮರಾಜನಗರ ಹಾಗೂ ಗುಂಡ್ಲುಪೇಟೆ ಭಾಗದಲ್ಲಿ ಕೆಂಪು ಮಣ್ಣಿನ ನಡುವೆ ಅಲ್ಲಲ್ಲಿ ಕಪ್ಪು ಎರೆಮಣ್ಣು ಇದೆ. ಬೆಳೆಗೆ ಒಳ್ಳೆಯದಾದ ಈ ಮಣ್ಣು ತಳಪಾಯಕ್ಕೆ ಒಗ್ಗದು. ಮಳೆಯಲ್ಲಿ ನೀರು ಕುಡಿದು ಉಬ್ಬುತ್ತದೆ. ಬೇಸಿಗೆಯಲ್ಲಿ ಕುಗ್ಗಿ ಬಾಯಿ ಬಿಡುತ್ತದೆ. ಇಂತಹ ನೆಲದಲ್ಲಿ ಆಳವಿಲ್ಲದ ಕಲ್ಲಿನ ತಳಪಾಯದ ಮೇಲೆ ನಿಂತ ಮನೆಗಳಲ್ಲಿ ಕಿಟಕಿ ಮೂಲೆಗಳಿಂದ ಓರೆಯಾಗಿ ಬಿರುಕು ಹೊರಡುವುದು ಇದೇ ಕಾರಣಕ್ಕೆ.

ಬಿರುಕಿಗೆ ಸಿಮೆಂಟ್ ಮೆತ್ತಿ ಸುಣ್ಣ ಬಳಿದರೆ ಕಣ್ಣಿಗೆ ಮರೆಯಾಗುತ್ತದೆ, ಅಷ್ಟೆ. ಅದಕ್ಕೆ ಅಡ್ಡಲಾಗಿ ತೆಳು ಗಾಜಿನ ಪಟ್ಟಿ ಅಂಟಿಸಿ ಒಂದು ಮಳೆಗಾಲ, ಒಂದು ಬೇಸಿಗೆ ಗಮನಿಸುವುದು ಹಳೆಯ, ನಂಬಿಕೆಯ ಕ್ರಮ. ಗಾಜು ಒಡೆಯದಿದ್ದರೆ ಕಂಬದ ಖರ್ಚು ಬೇಕಾಗದು. ಒಡೆದರೂ ಮೊದಲು ಪರೀಕ್ಷಿಸಬೇಕಾದುದು ಸೋರುವ ಸಂಪು, ಬಚ್ಚಲ ನೀರು ಮತ್ತು ಗೋಡೆಗೆ ಸಮೀಪದ ಮರವನ್ನು. ಗೋಡೆ ವಾಲಿದ್ದರೆ ಮಾತ್ರ ಕಾಯುವಂತಿಲ್ಲ. ಕೂಡಲೇ ಎಂಜಿನಿಯರ್‌ಗೆ ತೋರಿಸಬೇಕು.

ಎರೆಮಣ್ಣಿಗೆಂದೇ ಬುಡದಲ್ಲಿ ಗಡ್ಡೆಯಂತೆ ಉಬ್ಬಿದ ಕಾಂಕ್ರೀಟ್ ಕಂಬವನ್ನು ರೂರ್ಕಿಯ ಕೇಂದ್ರೀಯ ಕಟ್ಟಡ ಸಂಶೋಧನಾ ಸಂಸ್ಥೆ ಬಳಕೆಗೆ ತಂದಿತು. ಭಾರತೀಯ ಮಾನಕ ಐಎಸ್ 2911ರ ಮೂರನೇ ಭಾಗ ಇದಕ್ಕೆ ಸಂಬಂಧಿಸಿದ್ದು. ಹೊಸ ಕಟ್ಟಡಗಳಿಗೆಂದು ಬರೆದ ಅದರ ಸೂತ್ರ ದುರಸ್ತಿಗೂ ದಾರಿ ತೋರುತ್ತದೆ: ಗೋಡೆಗಳು ಕೂಡುವೆಡೆಯೆಲ್ಲ ಕಂಬವಿರಬೇಕು, ಬಾಗಿಲು ಎರಡು ಕಂಬಗಳ ನಡುವೆ ಬರಬೇಕು. ಎರೆಮಣ್ಣು ಆಳವಾಗಿದ್ದಲ್ಲಿ ಕಂಬ ಕನಿಷ್ಠ 3.5 ಮೀಟರ್ ಇಳಿಯಬೇಕು. ಮೇಲಿನ ಮೂರ್ನಾಲ್ಕು ಅಡಿಯ ಮಣ್ಣಿನಲ್ಲೇ ನಿಲ್ಲಿಸಿದ ಕಂಬ ಮಣ್ಣಿನೊಂದಿಗೆ ತಾನೂ ಏರಿ ಇಳಿಯುತ್ತದೆ.

ನಿಂತ ಗೋಡೆಯ ನೇರ ಕೆಳಗೆ ಕೊರೆಯುವಂತಿಲ್ಲ. ಆದ್ದರಿಂದ ಗೋಡೆಯ ಎರಡೂ ಬದಿ ಕಂಬ ಇಳಿಸಿ, ಗೋಡೆಯೊಳಗಿಂದ ಹಾಯುವ ತೊಲೆಯಿಂದ ಜೋಡಿಸಲಾಗುತ್ತದೆ. ಎರೆಮಣ್ಣಿನ ಪದರ ತೆಳುವಾಗಿದ್ದರೆ ಗುಂಡಿ ತೋಡಿ ಗಟ್ಟಿ ನೆಲದಿಂದ ಕಾಂಕ್ರೀಟ್ ತುಂಬುವುದೇ ಸುಲಭ. ಅಪಾಯವಿರುವುದೂ ಇಲ್ಲಿಯೇ. ಮಾಳಿಗೆಗೆ ಊರೆ ಕೊಟ್ಟ ನಂತರವೇ ಅಗೆಯಬೇಕು. ಒಂದು ಗುಂಡಿ ಸುಮಾರು ಒಂದು ಮೀಟರ್ ಉದ್ದ ಮೀರಬಾರದು. ಅಕ್ಕಪಕ್ಕದ ಎರಡನ್ನು ಒಟ್ಟಿಗೆ ತೆರೆಯಲೇಬಾರದು. ಕೂಲಿ ಉಳಿಸಲು ಗೋಡೆಯುದ್ದಕ್ಕೂ ಒಂದೇ ದಿನ ಕಾಲುವೆ ತೋಡಿದರೆ ಮಣ್ಣುಗಾರೆಯ ಕಲ್ಲುಕಟ್ಟಡ ಕಾರ್ಮಿಕರ ಮೇಲೆಯೇ ಕುಸಿಯಬಹುದು. ಒಂದರ ಕಾಂಕ್ರೀಟ್ ಬಲಗೊಂಡು, ಅದರ ತಲೆ ಮತ್ತು ಹಳೆಯ ತಳಪಾಯದ ನಡುವಿನ ಸಂದಿಗೆ ಗಟ್ಟಿ ಗಾರೆ ಬಡಿದು ತುಂಬಿದ ಮೇಲೆಯೇ ಪಕ್ಕದ ಗುಂಡಿ.

ಬಿರುಕು ಬಿಟ್ಟ ಮೂಲೆಗೆ ಮಾತ್ರ ಕಂಬ ಕೊಟ್ಟರೆ ಆ ಭಾಗ ನಿಂತು, ಉಳಿದ ಮನೆ ಮಣ್ಣಿನೊಂದಿಗೆ ಅಲುಗುತ್ತದೆ; ಹೊಸ ಬಿರುಕು ಅವೆರಡರ ಗಡಿಯಲ್ಲಿ ಕಾಣಿಸುತ್ತದೆ. ಹೀಗಾಗಿ ಒಂದು ಮೂಲೆಯ ದುರಸ್ತಿಗೂ ಇಡೀ ಮನೆಯ ನಕ್ಷೆ ಬರೆದು, ಕನಿಷ್ಠ ಎರಡು ಮೂರು ಕಡೆ ಮಣ್ಣು ತೆಗೆದು ನೋಡಬೇಕಾಗುತ್ತದೆ.