ಈದ ಹಸು ಹಿಂಡಿ ತಿನ್ನದಿದ್ದರೆ ಕೀಟೋಸಿಸ್ ಇರಬಹುದು

1824ರಲ್ಲಿ ಆರಂಭವಾದ ಸರ್ಕಾರಿ ಜಾನುವಾರು ಫಾರಂ ಇರುವ ಹೊಸೂರಿನ ಸುತ್ತಮುತ್ತ ಹೈನುಗಾರಿಕೆ ನಂಬಿದ ಕುಟುಂಬಗಳು ಅನೇಕ. ಹೆಚ್ಚು ಹಾಲು ಕೊಡುವ ಹಸುಗಳನ್ನು ಕರು ಹಾಕಿದ ಮೊದಲ 6 ವಾರಗಳಲ್ಲಿ ಕೀಟೋಸಿಸ್ ಕಾಡುವುದುಂಟು.

ಹಾಲಿನ ಸಕ್ಕರೆಗಾಗಿ ಗ್ಲೂಕೋಸ್ ಬಹಳ ಖರ್ಚಾಗುತ್ತದೆ. ತಿಂದ ಮೇವು ಸಾಲುವುದಿಲ್ಲ. ಆಗ ರಕ್ತದಲ್ಲಿ ಇನ್ಸುಲಿನ್ ಇಳಿದು ಮೈಯ ಕೊಬ್ಬು ಕರಗುತ್ತದೆ. ಯಕೃತ್ತು ಅದರಿಂದ ಕೀಟೋನ್‌ಗಳನ್ನು ತಯಾರಿಸುತ್ತದೆ. ಹೃದಯ, ಸ್ನಾಯುಗಳಿಗೆ ಇವು ಇಂಧನವೇ. ಬಳಕೆಗಿಂತ ಉತ್ಪತ್ತಿ ಹೆಚ್ಚಾದಾಗ ಮಾತ್ರ ರೋಗ.

ಹಸು ಹುಲ್ಲು ತಿಂದರೂ ಹಿಂಡಿ ಬಿಡುತ್ತದೆ, ಸೊರಗುತ್ತದೆ, ಹಾಲು ಇಳಿಯುತ್ತದೆ. ಉಸಿರಿನಲ್ಲಿ ಅಸಿಟೋನ್‌ನ ಸಿಹಿ ವಾಸನೆ ಬರಬಹುದು. ಮೂತ್ರ ಅಥವಾ ಹಾಲಿನ ಪರೀಕ್ಷೆಯಿಂದ ರೋಗ ತಿಳಿಯುತ್ತದೆ. ಪಶುವೈದ್ಯರು ರಕ್ತನಾಳಕ್ಕೆ ಗ್ಲೂಕೋಸ್ ಕೊಡುತ್ತಾರೆ. ಗಬ್ಬದ ಹಸು ಅತಿಯಾಗಿ ಕೊಬ್ಬದಂತೆ ನೋಡಿಕೊಳ್ಳುವುದು, ಈದ ಮೇಲೆ ಹಿಂಡಿಯನ್ನು ಕ್ರಮೇಣ ಹೆಚ್ಚಿಸುವುದು ಒಳ್ಳೆಯದು.