ಕಾವಿ ಅರೆದವರ ಹೆಸರೇನು?

ಭಟ್ಕಳ, ಹೊನ್ನಾವರ, ಕುಮಟಾ ಕಡೆಯ ಹಳೇ ದೇವಸ್ಥಾನಗಳ ಗೋಡೆ ಮೇಲೆ ಕೆಂಪು-ಬಿಳಿ ಚಿತ್ರಗಳಿವೆ. ಇದ್ದವು ಅಂದರೆ ಇನ್ನೂ ಸರಿ. ಗೋವಾದಿಂದ ನಮ್ಮ ಕರಾವಳಿವರೆಗೆ ಹಬ್ಬಿದ್ದ ಈ ಕೆಲಸಕ್ಕೆ ಕಾವಿ ಕಲೆ ಅನ್ನುತ್ತಾರೆ. ಗುಡಿಯ ಚರಿತ್ರೆ ಕೇಳಿದರೆ ದೇವರ ಮಹಿಮೆ ಸಿಗುತ್ತದೆ, ಕಟ್ಟಿಸಿದವರ ಹೆಸರೂ ಸಿಗಬಹುದು. ಗಾರೆ ಕುಟ್ಟಿದವರು, ಬಣ್ಣ ಅರೆದವರು, ಗೆರೆ ಎಳೆದವರು ಯಾರು ಅಂತ ಕೇಳಿ ನೋಡಿ.

ಸಾಮಾನೆಲ್ಲ ಇಲ್ಲೇ ಕಾಲಡಿಯದು. ನೀರಿಗಿಳಿದು ಚಿಪ್ಪು ಹೆಕ್ಕಬೇಕು, ಸುಟ್ಟರೆ ಸುಣ್ಣ. ಅದನ್ನು ತೊಳೆದು, ಹೊಳೆ ಮರಳು, ಬೆಲ್ಲ ಸೇರಿಸಿ ಹದಿನೈದು ದಿನ ಕೊಳೆಯಲು ಬಿಡಬೇಕು. ಆಮೇಲೆ ಕುಟ್ಟಬೇಕು, ಅಂಟು ಬರುವ ತನಕ ಕುಟ್ಟಬೇಕು. ಕುಟ್ಟುವ ತೋಳಿಗೆ ಇದೂ ಕಲೆಯೇ ಅಂತ ಯಾರೂ ಹೇಳಿರಲಿಕ್ಕಿಲ್ಲ. ಮುರಕಲ್ಲಿನ ಗೋಡೆಗೆ ಈ ಬಿಳಿ ಗಾರೆ ಮೆತ್ತಿ, ಮೇಲೆ ತೆಳ್ಳಗೆ ಹುರಮಂಜಿನ ಕೆಂಪು ಪದರ ಎಳೆಯುತ್ತಾರೆ. ಹಸಿ ಇರುವಾಗಲೇ ದಬ್ಬಳದಂಥ ಉಕ್ಕಿನ ಮೊನೆಯಿಂದ ಗೀರಿ ಕೆರೆದರೆ ಒಳಗಿನ ಬಿಳಿ ಎದ್ದು ಬರುತ್ತದೆ. ಬಣ್ಣ ಹಚ್ಚಿ ಬರೆಯುವ ಚಿತ್ರ ಇದಲ್ಲ, ಬಣ್ಣ ತೆಗೆದು ಬರೆಯುವ ಚಿತ್ರ. ಗಾರೆ ಬಿಗಿಯುವುದರೊಳಗೆ ಕೈ ಮುಗಿಯಬೇಕು. ಆಮೇಲೂ ಎರಡು ಮೂರು ವಾರ ನೀರು ಹೊಡೆಯುತ್ತಿರಬೇಕು.

ಇರುವುದು ಎರಡೇ ಬಣ್ಣ. ನೆರಳು ಬೆಳಕಿನ ಆಟವಿಲ್ಲ. ಗೆರೆಯ ಬಿಗಿಯ ಮೇಲೇ ಬಳ್ಳಿ, ಚಕ್ರ, ಪುರಾಣದ ಮಂದಿ ಎಲ್ಲ ನಿಲ್ಲಬೇಕು. ಫ್ರಾನ್ಸಿನ ಪಾಲ್ ಗೋಗ್ಯಾಂ 1888ರ ಸುಮಾರಿಗೆ ನೆರಳು ಕೈಬಿಟ್ಟು ಚಪ್ಪಟೆ ಬಣ್ಣ, ದಪ್ಪ ಗೆರೆ ಹಿಡಿದಾಗ ಅದು ಹೊಸ ಯುಗ ಅನ್ನಿಸಿಕೊಂಡಿತು. ನಮ್ಮವರದ್ದು ಗಾರೆ ಕೆಲಸದ ಲೆಕ್ಕಕ್ಕೆ ಹೋಯಿತು.

ಅದೇ ವರ್ಷ ವ್ಯಾನ್ ಗೋ ಆರ್ಲ್ ಊರಿನಲ್ಲಿ ತನ್ನ ಮಲಗುವ ಕೋಣೆಯ ಚಿತ್ರ ಬರೆದ. ಗೋಡೆಗೆ ತಿಳಿ ನೇರಳೆ ಹಚ್ಚಿದ್ದೇನೆ ಅಂತ ತಮ್ಮ ತಿಯೋಗೆ ಕಾಗದವನ್ನೂ ಹಾಕಿದ. ಇವತ್ತು ಆ ಗೋಡೆ ನೀಲಿ ಕಾಣುತ್ತದೆ. ನೇರಳೆಯಲ್ಲಿದ್ದ ಕೆಂಪು ಬೆಳಕಿಗೆ ಮಾಸಿ ಹೋಯಿತು. ಹುರಮಂಜಿನದು ಕಬ್ಬಿಣದ ತುಕ್ಕಿನ ಕೆಂಪು. ಬಿಸಿಲಿಗೆ ಹೆದರುವ ಜಾತಿಯಲ್ಲ. ಆದರೆ ನಮಗೆ ಹೊಟ್ಟೆಕಿಚ್ಚು ತರುವವನು ವ್ಯಾನ್ ಗೋ ಅಲ್ಲ, ಅವನಿಗೆ ಬಣ್ಣ ಮಾರಿದ ಜೂಲಿಯನ್ ತಾಂಗಿ. ಮೊದಲು ಬಣ್ಣ ಅರೆಯುವ ಕೂಲಿ, 1871ರ ಪ್ಯಾರಿಸ್ ಕಮ್ಯೂನಿನಲ್ಲಿ ಸೇರಿ ಸೆರೆ ಕಂಡವನು. ದುಡ್ಡಿಲ್ಲದ ಕಲಾವಿದರಿಗೆ ಸಾಲವಾಗಿ ಬಣ್ಣ ಕೊಡುತ್ತಿದ್ದ. ವ್ಯಾನ್ ಗೋ 1887ರಲ್ಲಿ ಅವನನ್ನು ಕೂರಿಸಿ ಚಿತ್ರ ಬರೆದ. ಅಲ್ಲಿ ಬಣ್ಣ ಅರೆದವನಿಗೂ ಮುಖವಿದೆ.

ಈ ಜಿಲ್ಲೆ 1862ರಿಂದ ಮುಂಬಯಿ ಪ್ರಾಂತ್ಯದಲ್ಲಿತ್ತು. ಮುಂಬಯಿಯ ಹರಿಜನ ದೇವಾಲಯ ಪ್ರವೇಶ ಕಾಯ್ದೆ ಬಂದದ್ದು 1947ರಲ್ಲಿ. ಕಾಯ್ದೆ ಬಂದ ಮರುದಿನವೇ ಬಾಗಿಲು ತೆರೆಯಿತೇ ಎಂಬುದನ್ನು ನಮ್ಮ ಕೇರಿಗಳನ್ನೇ ಕೇಳಬೇಕು. ಒಳಗೆ ಬಿಡದ ಗೋಡೆ ಬಿದ್ದರೆ ನಮಗೇನು, ಬೀಳಲಿ ಬಿಡಿ ಅಂತ ಗೆಳೆಯರು ಅನ್ನುತ್ತಾರೆ. ಆ ಸಿಟ್ಟು ನ್ಯಾಯವಾದದ್ದೇ. ಆದರೆ ಗೋಡೆ ಬಿದ್ದರೆ ದೇವರಿಗೆ ಬೇರೆ ಗೋಡೆ ಏಳುತ್ತದೆ. ದುಡಿದವರು ಬಿಟ್ಟುಹೋದ ದಾಖಲೆ ಮಾತ್ರ ಅದೊಂದೇ. ಮೊನೆ ಎಲ್ಲಿ ಆಳಕ್ಕಿಳಿದಿದೆ, ಎಲ್ಲಿ ಜಾರಿದೆ ಅಂತ ಆ ಗಾರೆಯೇ ಹೇಳಬೇಕು.

ಹೊನ್ನಾವರದಲ್ಲಿ ಹುಟ್ಟಿದ ಕೃಷ್ಣಾನಂದ ಕಾಮತರು (1934–2002) ಈ ಗೋಡೆಗಳ ಫೋಟೋ ತೆಗೆದು, ಕಾವಿಯ ಬಗ್ಗೆ ಬರೆದಿಟ್ಟರು. ಒಬ್ಬರು ಮಾಡಿ ಮುಗಿಯುವ ಕೆಲಸ ಅದಲ್ಲ. ಇತ್ತ ಜೀರ್ಣೋದ್ಧಾರದ ಹೆಸರಲ್ಲಿ ಹಾರೆ ಬೀಳುತ್ತಿದೆ. ಕೆರೆದ ಗೋಡೆಗೆ ಎಣ್ಣೆ ಬಣ್ಣ, ಟೈಲ್ಸು. ಪಕ್ಕದಲ್ಲೇ ದಾನಿಗಳ ಹೆಸರಿನ ಕಲ್ಲು, ರೂಪಾಯಿ ಲೆಕ್ಕದ ಸಮೇತ.

ಈ ಮೂರು ತಾಲೂಕಿನ ಮೇಷ್ಟರುಗಳು, ವಿದ್ಯಾರ್ಥಿಗಳು ನೋಟ್‌ಬುಕ್ಕು ಹಿಡಿದು ಗುಡಿಯ ಪೂಜಾರಿಯ ಹತ್ತಿರ ಹೋಗುವ ಮೊದಲು ಚಿಪ್ಪು ಸುಟ್ಟವರ ಮನೆಗೆ ಹೋಗಲಿ. ಬೆಲ್ಲ ಎಷ್ಟು ಹಾಕುತ್ತಿದ್ದರು, ಕುಟ್ಟಿದವರು ಗಂಡಸರೋ ಹೆಂಗಸರೋ, ಕೂಲಿ ಭತ್ತವೋ ದುಡ್ಡೋ, ಕೆಲಸ ಮುಗಿದ ಮೇಲೆ ಅವರನ್ನು ಎಲ್ಲಿ ನಿಲ್ಲಿಸಿದರು – ಕೇಳಿ ಬರೆದುಕೊಳ್ಳಲಿ.