ಕೃತಕ ಸ್ನಾಯುವಿನ ಕಥೆ: ಟಿಪ್ಪುವಿನ ಹುಲಿಯಿಂದ ಗಾಳದ ದಾರದವರೆಗೆ

ಲಂಡನ್ನಿನ ವಿಕ್ಟೋರಿಯಾ ಅಂಡ್ ಆಲ್ಬರ್ಟ್ ಮ್ಯೂಸಿಯಮ್ಮಿನಲ್ಲಿ ಟಿಪ್ಪು ಸುಲ್ತಾನರ ಮರದ ಹುಲಿಯಿದೆ. ಐರೋಪ್ಯನೊಬ್ಬನನ್ನು ಕೆಡವಿ ಅವನ ಮೇಲೆರಗಿರುವ ಆ ಹುಲಿಯ ಚಿತ್ರವನ್ನು ನೀವೂ ನೋಡಿರುತ್ತೀರಿ. ಎಲ್ಲರ ಕಣ್ಣೂ ಹುಲಿಯ ಮೇಲೆಯೇ. ವಿದ್ಯಾರ್ಥಿ ಮಿತ್ರರು ಒಮ್ಮೆ ಕೆಳಗೆ ಬಿದ್ದವನ ಎಡಗೈಯನ್ನು ಗಮನಿಸಬೇಕು. ಹುಲಿಯ ಪಕ್ಕದ ಹಿಡಿಯನ್ನು ತಿರುಗಿಸಿದರೆ ಒಳಗಿನ ತಿದಿಗಳು ಗಾಳಿ ಊದುತ್ತವೆ. ಬಿದ್ದವನ ಬಾಯಿಂದ ನರಳಾಟ, ಹುಲಿಯ ತಲೆಯಿಂದ ಗುರುಗುಟ್ಟುವ ಸದ್ದು ಹೊರಡುತ್ತವೆ. ಅದೇ ಹಿಡಿಯ ಬಲದಿಂದ ಅವನ ಎಡಗೈ ಮೇಲೇಳುತ್ತದೆ, ಕೆಳಗಿಳಿಯುತ್ತದೆ. 1799ರಲ್ಲಿ ಶ್ರೀರಂಗಪಟ್ಟಣ ಬಿದ್ದ ಮೇಲೆ ಇಂಗ್ಲಿಷರು ಅದನ್ನು ಒಯ್ದರು. ಯಂತ್ರದಿಂದ ಆಡುವ ಮನುಷ್ಯನ ಕೈಯೊಂದು ಇನ್ನೂರು ವರ್ಷಗಳ ಹಿಂದೆಯೇ ನಮ್ಮ ನಾಡಿನಲ್ಲಿತ್ತು.

ಅದೇ ಕಾಲದ ಇನ್ನೊಂದು ಸಂಗತಿಯನ್ನೂ ಹೇಳಬೇಕು. ನಮ್ಮ ಸಭೆಗಳಲ್ಲಿ ಇದನ್ನು ಯಾರೂ ಎತ್ತುವುದಿಲ್ಲ, ಆದರೆ ಇತಿಹಾಸ ಬರೆಯುವವನು ಬಿಡುವಂತಿಲ್ಲ. 1792ರ ಯುದ್ಧದಲ್ಲಿ ಇಂಗ್ಲಿಷ್ ಸೇನೆಯ ಎತ್ತು ಹೊಡೆಯುತ್ತಿದ್ದ ಕವಾಸಜಿ ಎಂಬ ಮರಾಠ ರೈತ ಟಿಪ್ಪುವಿನ ಸೈನ್ಯಕ್ಕೆ ಸೆರೆಸಿಕ್ಕು ಮೂಗನ್ನೂ ಒಂದು ಕೈಯನ್ನೂ ಕಳೆದುಕೊಂಡ. ಮುಂದೆ ಪುಣೆಯ ಕಡೆಯ ದೇಶೀ ವೈದ್ಯನೊಬ್ಬ ಅವನ ಹಣೆಯ ಚರ್ಮವನ್ನೇ ಇಳಿಸಿ ಹೊಸ ಮೂಗು ಕಟ್ಟಿದ. 1794ರಲ್ಲಿ ಲಂಡನ್ನಿನ ಜಂಟಲ್‌ಮನ್ಸ್ ಮ್ಯಾಗಜೀನ್ ಅದನ್ನು ಚಿತ್ರಸಹಿತ ಪ್ರಕಟಿಸಿತು. ಯುರೋಪಿನ ಪ್ಲಾಸ್ಟಿಕ್ ಸರ್ಜರಿ ಆ ವರದಿಯಿಂದ ಬಹಳಷ್ಟು ಕಲಿಯಿತು. ಮೂಗೇನೋ ಬಂತು, ಕೈ ಬರಲಿಲ್ಲ.

ಏಕೆ? ಮೂಗು ಇದ್ದಲ್ಲಿ ಇದ್ದರೆ ಸಾಕು. ಕೈ ಆಡಬೇಕು, ಹಿಡಿಯಬೇಕು, ಬಿಡಬೇಕು. ಅದಕ್ಕೆ ಸ್ನಾಯು ಬೇಕು. ಸ್ನಾಯು ಎಳೆಯಬಲ್ಲದೇ ಹೊರತು ತಳ್ಳಲಾರದು. ಆದ್ದರಿಂದ ತೋಳನ್ನು ಮಡಿಸಲು ಒಂದು, ಚಾಚಲು ಇನ್ನೊಂದು. ಹುಲಿಯ ಕೆಳಗಿನವನ ಕೈಗೆ ಇದಾವುದೂ ಇಲ್ಲ, ಅದು ಸೂತ್ರದ ಗೊಂಬೆಯ ಕೈ. 1206ರ ಅಲ್-ಜಝರಿಯನ್ನು ರೋಬೋಟುಗಳ ಪಿತಾಮಹನೆಂದು ಕರೆಯುವುದು ನಮ್ಮಲ್ಲಿ ವಾಡಿಕೆ. ಆತನ ಗ್ರಂಥದಲ್ಲಿ ಕೈ ತೊಳೆಯಲು ನೀರೆರೆಯುವ ಗೊಂಬೆಗಳಿರುವುದು ನಿಜ. ಆದರೆ ಅವು ನೀರಿನ ಭಾರ ಮತ್ತು ತೇಲುಬುರುಡೆಗಳಿಂದ ನಡೆದವು. ಹೆಮ್ಮೆ ಪಡೋಣ, ಆದರೆ ಇಲ್ಲದ್ದನ್ನು ಸೇರಿಸುವುದು ಬೇಡ.

ಇನ್ನು ನಮ್ಮೂರ ಕಡೆಗೆ ಬರೋಣ. 1923ರಲ್ಲಿ ಭದ್ರಾವತಿಯ ಕಬ್ಬಿಣದ ಕಾರ್ಖಾನೆ ಉತ್ಪಾದನೆ ಆರಂಭಿಸಿತು. ಅದೇ ವರ್ಷ ಬ್ರಿಟಿಷ್ ಇಂಡಿಯಾದಲ್ಲಿ ಕೆಲಸಗಾರರ ಪರಿಹಾರ ಕಾಯ್ದೆಯೂ ಬಂತು. ಯಂತ್ರ ಬಂದಲ್ಲಿ ಕೈಗೆ ಬೆಲೆ ಕಟ್ಟುವ ಪಟ್ಟಿಯೂ ಬರಲೇಬೇಕಲ್ಲ! ತಿದ್ದುಪಡಿಗಳ ನಂತರದ ಆ ಪಟ್ಟಿಯಂತೆ ಒಂದು ಹಸ್ತ ಹೋದರೆ ದುಡಿಮೆಯ ಶಕ್ತಿಯಲ್ಲಿ ಶೇಕಡಾ 60 ನಷ್ಟ, ಹೆಬ್ಬೆರಳಿಗೆ 30, ತೋರುಬೆರಳಿಗೆ 14.

ನಾನು ಶಾಲೆಗೆ ಹೋಗುತ್ತಿದ್ದಾಗ ನಮ್ಮ ಓಣಿಯ ಚಾಚಾ ಒಬ್ಬರ ಬಲಗೈ ಮರ ಕೊಯ್ಯುವ ಮಿಲ್ಲಿನಲ್ಲಿ ಹೋಗಿತ್ತು. ಅವರಿಗೆ ಸಿಕ್ಕಿದ್ದ ರಬ್ಬರ್ ಕೈ ಈದ್ ದಿನ ಮತ್ತು ಮದುವೆಗಳಲ್ಲಿ ಮಾತ್ರ ಪೆಟ್ಟಿಗೆಯಿಂದ ಹೊರಬರುತ್ತಿತ್ತು. "ಇದು ತೋರಿಸುವ ಕೈ ಕಣಪ್ಪಾ, ಮಾಡುವ ಕೈ ಅಲ್ಲ" ಎನ್ನುತ್ತಿದ್ದರು.

ಮಾಡುವ ಕೈಯ ಇತಿಹಾಸದಲ್ಲಿ ಒಂದು ಹೆಸರು ಮುಖ್ಯ: ಜೋಸೆಫ್ ಮೆಕಿಬ್ಬನ್. ಈತ ಅಮೆರಿಕದ ಲಾಸ್ ಅಲಾಮೋಸಿನ ಭೌತವಿಜ್ಞಾನಿ. 1945ರ ಜುಲೈ 16ರಂದು ಜಗತ್ತಿನ ಮೊದಲ ಅಣುಬಾಂಬ್ ಪರೀಕ್ಷೆಯಲ್ಲಿ ನಿಯಂತ್ರಣ ಫಲಕದ ಮುಂದೆ ಕುಳಿತವರು ಈತನೇ. ಕೆಲವು ವರ್ಷಗಳ ನಂತರ ಆತನ ಮಗಳಿಗೆ ಪೋಲಿಯೋ ತಗುಲಿ ಕೈಗಳು ನಿಂತುಹೋದವು. ಅವಳ ಬೆರಳುಗಳು ಆಡಲೆಂದು 1950ರ ದಶಕದ ಕೊನೆಯಲ್ಲಿ ತಂದೆ ರೂಪಿಸಿದ ಸಾಧನ ಎಷ್ಟು ಸರಳವೆಂದರೆ, ಸೈಕಲ್ ಟ್ಯೂಬ್ ಕಂಡವರಿಗೆಲ್ಲ ಅರ್ಥವಾಗುತ್ತದೆ. ಒಂದು ರಬ್ಬರ್ ಕೊಳವೆ, ಅದರ ಮೇಲೆ ಓರೆಯಾಗಿ ಹೆಣೆದ ದಾರದ ಜಾಲರಿ. ಕೊಳವೆಗೆ ಗಾಳಿ ತುಂಬಿದರೆ ಅದು ಅಡ್ಡಕ್ಕೆ ಉಬ್ಬುತ್ತದೆ. ಜಾಲರಿಯ ದಾರ ಹಿಗ್ಗುವುದಿಲ್ಲ, ಹಾಗಾಗಿ ಉದ್ದ ಕುಗ್ಗಲೇಬೇಕು. ಕುಗ್ಗುವಾಗ ಎರಡೂ ತುದಿಗಳನ್ನು ಬಲವಾಗಿ ಎಳೆಯುತ್ತದೆ. ನಮ್ಮ ತೋಳಿನ ಸ್ನಾಯು ಮಾಡುವುದೂ ಇದನ್ನೇ.

ಆದರೂ ಕೃತಕ ಕೈಗಳಲ್ಲಿ ಅದು ಹೆಚ್ಚು ಬಳಕೆಗೆ ಬರಲಿಲ್ಲ. ಗಾಳಿ ಬೇಕೆಂದರೆ ಸಿಲಿಂಡರ್ ಹೊರಬೇಕು, ಸಿಲಿಂಡರ್ ಬರಿದಾದರೆ ಕೈ ನಿಂತಿತು. ಕೃತಕ ಕೈಗಳು ಬ್ಯಾಟರಿ ಮತ್ತು ಮೋಟಾರಿನ ದಾರಿ ಹಿಡಿದವು. ಆದರೆ ಮೋಟಾರಿಗೆ ಗೇರು ಬೇಕು, ಭಾರ ಹೆಚ್ಚು, ಬೆಲೆಯಂತೂ ಬಡವನ ಕೈಗೆಟುಕದು.

ಗಾಳಿಯ ಬದಲು ವಿದ್ಯುತ್ತಿನಿಂದಲೇ ವಸ್ತುವನ್ನು ಆಡಿಸಬಹುದೇ? ಎಕ್ಸ್‌ರೇ ಕಂಡುಹಿಡಿಯುವುದಕ್ಕೂ ಮೊದಲು, 1880ರಲ್ಲಿ, ರಾಂಟ್‌ಜನ್ ರಬ್ಬರ್ ಪಟ್ಟಿಗೆ ವಿದ್ಯುದಾವೇಶ ಕೊಟ್ಟು ಅದರ ಉದ್ದ ಬದಲಾಗುವುದನ್ನು ತೋರಿಸಿದ್ದರು. 1960ರ ಆಸುಪಾಸಿನಲ್ಲಿ ಅಮೆರಿಕದ ನೌಕಾಪಡೆಯ ಪ್ರಯೋಗಾಲಯದಲ್ಲಿ ನಿಕಲ್-ಟೈಟಾನಿಯಂ ಮಿಶ್ರಲೋಹ ಸಿಕ್ಕಿತು. ಬಾಗಿಸಿದ ತಂತಿ ಬಿಸಿಯಾದೊಡನೆ ಹಳೆಯ ಆಕಾರಕ್ಕೆ ಮರಳುತ್ತದೆ. 2005ರಲ್ಲಿ ಅಮೆರಿಕದ ಸ್ಯಾನ್ ಡಿಯಾಗೊದಲ್ಲಿ ಕೃತಕ ಸ್ನಾಯುವಿನ ಮೂರು ತೋಳುಗಳಿಗೂ 17 ವರ್ಷದ ಶಾಲಾ ಹುಡುಗಿಗೂ ಪಂಜಾ ಪಂದ್ಯ ನಡೆಯಿತು. ಮೂರನ್ನೂ ಹುಡುಗಿ ಸೋಲಿಸಿದಳು. 2011ರಲ್ಲಿ ಹಾರ್ವರ್ಡಿನವರು ಮೂಳೆಯೇ ಇಲ್ಲದ ಮೆದು ರೋಬೋಟನ್ನು ತಗ್ಗಾದ ಸಂದಿಯಲ್ಲಿ ತೆವಳಿಸಿದರು. ಅದನ್ನು ನಡೆಸಿದ್ದು ಮತ್ತೆ ಗಾಳಿಯೇ!

ನಮ್ಮ ದೇಶದಲ್ಲಿ ಕಾಲಿಗೆ ಆದಷ್ಟು ಕೆಲಸ ಕೈಗೆ ಆಗಲಿಲ್ಲ. 1968ರ ಜೈಪುರ ಕಾಲನ್ನು ಡಾ. ಪಿ.ಕೆ. ಸೇಠಿ ಮತ್ತು ಕುಶಲಕರ್ಮಿ ರಾಮಚಂದ್ರ ಶರ್ಮ ರಬ್ಬರಿನಿಂದ ರೂಪಿಸಿದರು. ಅದನ್ನು ಹಾಕಿಕೊಂಡವರು ಕುಕ್ಕರಗಾಲಲ್ಲಿ ಕೂರಬಲ್ಲರು, ಗದ್ದೆಗೂ ಇಳಿಯಬಲ್ಲರು. ಪೋಲಿಯೋ ಮಕ್ಕಳು ಮೂರು ಕಿಲೋ ತೂಕದ ಕ್ಯಾಲಿಪರ್ ಎಳೆಯುತ್ತಿದ್ದುದನ್ನು ಹೈದರಾಬಾದಿನ ಆಸ್ಪತ್ರೆಯಲ್ಲಿ ಕಂಡ ಡಾ. ಅಬ್ದುಲ್ ಕಲಾಮರು ಕ್ಷಿಪಣಿಯ ವಸ್ತುವಿನಿಂದಲೇ 300 ಗ್ರಾಂ ಕ್ಯಾಲಿಪರ್ ಮಾಡಿಸಿದ್ದು ಗೊತ್ತೇ ಇದೆ.

ಕೊನೆಗೆ 2014ರ ಸುದ್ದಿ. ಡಲ್ಲಾಸಿನ ಟೆಕ್ಸಾಸ್ ವಿಶ್ವವಿದ್ಯಾಲಯದಲ್ಲಿ ರೇ ಬಾಮನ್ ನೇತೃತ್ವದ ತಂಡ ಮೀನು ಗಾಳದ ನೈಲಾನ್ ದಾರವನ್ನು ಹುರಿ ಮಾಡಿ, ಸ್ಪ್ರಿಂಗಿನಂತೆ ಸುರುಳಿ ಸುತ್ತಿಕೊಳ್ಳುವಷ್ಟು ತಿರುಚಿತು. ಬಿಸಿ ಮಾಡಿದರೆ ಆ ಸುರುಳಿ ಕುಗ್ಗುತ್ತದೆ. ಅಷ್ಟೇ ಉದ್ದ, ಅಷ್ಟೇ ತೂಕದ ನಮ್ಮ ಸ್ನಾಯು ಎತ್ತುವುದರ ನೂರು ಪಟ್ಟು ಭಾರ ಎತ್ತುತ್ತದೆ. ತುಂಗೆಯ ದಡದಲ್ಲಿ ಗಾಳ ಹಾಕಿ ಕೂರುವವರ ಕೈಯಲ್ಲಿರುವಂಥದೇ ದಾರ! ಒಂದು ತೊಡಕಿದೆ. ಕುಗ್ಗಿದ ದಾರ ಮತ್ತೆ ಸಡಿಲವಾಗಬೇಕಾದರೆ ತಣ್ಣಗಾಗಬೇಕು, ಅದಕ್ಕೆ ಹೊತ್ತು ಹಿಡಿಯುತ್ತದೆ. ಚಾಚಾ ಇದ್ದಿದ್ದರೆ ಮೊದಲು ಅದನ್ನೇ ಕೇಳುತ್ತಿದ್ದರು: "ಚಹಾದ ಲೋಟ ಹಿಡಿದದ್ದಾಯಿತು, ಕೆಳಗಿಡಲು ಎಷ್ಟು ಹೊತ್ತು ಕಾಯಬೇಕು?"